ಬಸ್ಸಿಗೆ ದಾರಿ ಬಿಡಿ

ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್, ಅಂದರೆ ಮೀಸಲು ಪಥದ ತ್ವರಿತ ಬಸ್ ವ್ಯವಸ್ಥೆ, ಸೋತಿದೆ, ಇನ್ನು ಅಲ್ಲಿಗೆ ರೈಲಿನಂಥದ್ದೇನಾದರೂ ಬಂದರೆ ಮಾತ್ರ ಗತಿ ಎಂಬ ಮಾತು ಈಗ ಗಟ್ಟಿಯಾಗಿ ಬೇರೂರಿದೆ. ರಾಜಕಾರಣಿಗಳು ಹೇಳುತ್ತಾರೆ, ಕಾರಿನಲ್ಲಿ ಓಡಾಡುವವರು ಹೇಳುತ್ತಾರೆ, ಅಲ್ಲಿ ಓಡುವ ಚಿಗರಿ ಬಸ್ಸನ್ನು ಕಣ್ಣಲ್ಲೂ ಕಾಣದ ನಮ್ಮ ಸಕಲೇಶಪುರದ ಗೆಳೆಯರೂ ಹೇಳುತ್ತಾರೆ. ದೆಹಲಿಯಲ್ಲಿ ಕಿತ್ತು ಹಾಕಿದರು, ಭೋಪಾಲಿನಲ್ಲಿ ಕಿತ್ತರು, ಇಂದೋರಿನಲ್ಲೂ ಕೀಳಲು ಕೋರ್ಟ್ ಒಪ್ಪಿತು, ನಮ್ಮಲ್ಲಿ ಯಾಕೆ ಉಳಿಯಬೇಕು ಎಂಬುದು ಅವರ ವಾದ. ಈ ವಾದ ತಪ್ಪು. ಸೋತದ್ದು ಬಸ್ಸಲ್ಲ. ಬಸ್ಸಿಗೆಂದು ಬಿಟ್ಟ ದಾರಿಯನ್ನು ಬಸ್ಸಿಗೇ ಉಳಿಸಿಕೊಡುವ ಧೈರ್ಯ ನಮ್ಮ ಆಡಳಿತಗಳಿಗೆ ಇರಲಿಲ್ಲ.

ಘಟ್ಟದ ಅಂಚಿನಲ್ಲಿ ಕೂತವರಿಗೆ ಹುಬ್ಬಳ್ಳಿಯ ಬಸ್ಸಿನ ಉಸಾಬರಿ ಯಾಕೆ ಎಂದು ಕೇಳುವವರಿದ್ದಾರೆ. ಕಾರಣವಿದೆ. ರೈಲು ಎಂದರೆ ಅಭಿವೃದ್ಧಿ, ಬಸ್ಸು ಎಂದರೆ ಬೇರೆ ಗತಿಯಿಲ್ಲದವರ ಗಾಡಿ ಎಂಬ ನಂಬಿಕೆಯ ಮೇಲೆಯೇ ರಾಜ್ಯದ ದುಡ್ಡು ಎಲ್ಲಿಗೆ ಹರಿಯಬೇಕೆಂಬುದು ತೀರ್ಮಾನವಾಗುತ್ತದೆ. ಆ ತೀರ್ಮಾನದ ಬಿಸಿ ತಟ್ಟುವುದು ಬೆಂಗಳೂರಿನ ಕಾರಿನವರಿಗಲ್ಲ. ಹೆತ್ತೂರು, ಯಸಳೂರು, ಹಾನುಬಾಳು, ದೇವಾಲದಕೆರೆ ಕಡೆಯಿಂದ ಕೆಂಪು ಬಸ್ಸಿಗೆ ಕಾಯುವ ಕಾಲೇಜು ಮಕ್ಕಳಿಗೆ, ತೋಟದ ಕೆಲಸಕ್ಕೆ ಹೋಗುವ ಹೆಂಗಸರಿಗೆ.

ಒಂದು ಉದಾಹರಣೆ ನಮ್ಮ ಊರಿನ ಜನರೆಲ್ಲ ಅನುಭವಿಸಿದ್ದು. 2021ರ ಡಿಸೆಂಬರ್ ಕೊನೆಯಲ್ಲಿ ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು ಸೇತುವೆ ಮುಚ್ಚಿದರು. 2022ರ ಫೆಬ್ರುವರಿಯಲ್ಲಿ ಲಘು ವಾಹನಗಳಿಗೆ ತೆರೆದರು. ಭಾರಿ ವಾಹನಗಳಿಗೆ ತೆರೆದದ್ದು 2024ರ ಜುಲೈ ಕೊನೆಯಲ್ಲಿ. ಅಂದರೆ ಎರಡು ವರ್ಷಕ್ಕೂ ಹೆಚ್ಚು ಕಾಲ ಮಂಗಳೂರು, ಸಕಲೇಶಪುರ, ಹಾಸನದಿಂದ ಹೋದ ಬಸ್ಸುಗಳೆಲ್ಲ ಸೇತುವೆಯ ಕೆಳಗೆ ಲಾರಿಗಳ ನಡುವೆ ತೆವಳಿದವು. ಮೇಲೆ ಕಾರುಗಳು ಸಲೀಸಾಗಿ ಹೋದವು. ಸೇತುವೆಯ ಮೇಲೆ ಭಾರ ಬೇಡ ಎಂದು ಎಂಜಿನಿಯರುಗಳು ಹೇಳಿದ್ದು ಸರಿಯೇ. ಆದರೆ ಕಾರುಗಳು ಮೇಲೆ ಹೋದ ಮೇಲೆ, ಕೆಳಗಿನ ರಸ್ತೆಯಲ್ಲಿ ಒಂದು ಪಥವನ್ನು ಬಸ್ಸಿಗೆಂದು ಬಿಡಬಹುದಿತ್ತಲ್ಲ? ಕೇಳಿದವರಿಲ್ಲ, ಮಾಡಿದವರೂ ಇಲ್ಲ. ಐವತ್ತು ಜನರ ಬಸ್ಸು ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಹಾಕಿಕೊಂಡರೆ ಅದು ದಿನದ ಮಾತು, ಇಬ್ಬರು ಕೂತ ಕಾರು ಸಿಕ್ಕಿಹಾಕಿಕೊಂಡರೆ ಅದು ಸಂಚಾರ ಸಮಸ್ಯೆ. ಬಿಆರ್‌ಟಿಎಸ್ ಎಂಬ ಯೋಚನೆ ಹುಟ್ಟಿದ್ದೇ ಈ ಲೆಕ್ಕವನ್ನು ಸರಿಪಡಿಸಲು. ರಸ್ತೆಯ ಮೇಲೆ ವಾಹನ ಎಣಿಸಬೇಡಿ, ಜನ ಎಣಿಸಿ ಎನ್ನುವುದೇ ಅದರ ತಿರುಳು.

1974ರಲ್ಲಿ ಬ್ರೆಜಿಲ್‌ನ ಕುರಿಟಿಬಾ ನಗರ ಇದನ್ನು ಮೊದಲು ಮಾಡಿ ತೋರಿಸಿತು. 2000ದ ಕೊನೆಯಲ್ಲಿ ಕೊಲಂಬಿಯದ ಬೊಗೋಟ ದೊಡ್ಡ ಪ್ರಮಾಣದಲ್ಲಿ ಮಾಡಿತು. ಸಾಮಗ್ರಿ ಸರಳ: ರಸ್ತೆಯ ನಡುವೆ ಬಸ್ಸಿಗೆ ಮಾತ್ರ ಮೀಸಲಾದ ಪಥ, ಬಸ್ಸಿನ ನೆಲಕ್ಕೆ ಸಮನಾದ ಎತ್ತರದ ನಿಲ್ದಾಣ, ಹತ್ತುವ ಮೊದಲೇ ಟಿಕೆಟ್, ಒಂದರ ಹಿಂದೆ ಒಂದು ಬಸ್ಸು. ಮೆಟ್ರೊ ಯಾಕೆ ವೇಗವಾಗಿ ಹೋಗುತ್ತದೆ? ಅದರ ಎದುರಿಗೆ ಆಟೊ ಬರುವುದಿಲ್ಲ, ಹಸು ಮಲಗುವುದಿಲ್ಲ, ಬಾಗಿಲಲ್ಲಿ ನಿಂತು ಚಿಲ್ಲರೆಗೆ ಜಗಳವಾಗುವುದಿಲ್ಲ. ಈ ಮೂರನ್ನೂ ಬಸ್ಸಿಗೂ ಕೊಡಬಹುದು. ಉಕ್ಕಿನ ಚಕ್ರದಿಂದಲೇ ವೇಗ ಬರುವುದಾದರೆ ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯಲ್ಲಿ ರೈಲು ಹಾರಬೇಕಿತ್ತು. ಐವತ್ತಕ್ಕೆ ಒಂದರ ಏರು, ಐವತ್ತಕ್ಕೂ ಹೆಚ್ಚು ಸುರಂಗ. ಅಲ್ಲಿ ರೈಲು ಗಂಟೆಗೆ ಮೂವತ್ತು ಕಿಲೋಮೀಟರ್ ದಾಟುವುದಿಲ್ಲ. ವೇಗ ಕೊಡುವುದು ಅಡ್ಡಿಯಿಲ್ಲದ ದಾರಿ.

ಈಗ ಹುಬ್ಬಳ್ಳಿ–ಧಾರವಾಡಕ್ಕೆ ಬರೋಣ. ಸುಮಾರು 22 ಕಿ.ಮೀ. ಉದ್ದದ ಈ ಮಾರ್ಗವನ್ನು ವಿಶ್ವಬ್ಯಾಂಕ್ ನೆರವಿನಿಂದ ಸುಮಾರು 970 ಕೋಟಿ ರೂಪಾಯಿಯಲ್ಲಿ ಕಟ್ಟಿದರು. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಬಸ್ಸು ಓಡಿತು, 2020ರ ಫೆಬ್ರುವರಿ 2ರಂದು ಉಪರಾಷ್ಟ್ರಪತಿಯಾಗಿದ್ದ ವೆಂಕಯ್ಯ ನಾಯ್ಡು ಅಧಿಕೃತವಾಗಿ ಉದ್ಘಾಟಿಸಿದರು. ಹವಾನಿಯಂತ್ರಿತ ಚಿಗರಿ ಬಸ್ಸುಗಳು ನೂರು. ನಿಲ್ದಾಣಗಳಲ್ಲಿ ಒಂದು ಬಸ್ಸು ನಿಂತಿದ್ದರೆ ಇನ್ನೊಂದು ದಾಟಿ ಹೋಗಲು ಹೆಚ್ಚುವರಿ ಪಥ ಕೊಟ್ಟಿದ್ದಾರೆ. ಭಾರತದ ಬೇರೆ ಎಷ್ಟೋ ಬಿಆರ್‌ಟಿಎಸ್‌ಗಳಲ್ಲಿ ಈ ಸೌಕರ್ಯವಿಲ್ಲ. ದಿನಕ್ಕೆ ಲಕ್ಷದ ಹತ್ತಿರ ಜನ ಹತ್ತಿದ್ದಾರೆ. 2011ರ ಜನಗಣತಿಯಲ್ಲಿ ಒಂಬತ್ತೂವರೆ ಲಕ್ಷವೂ ಇರದ ಅವಳಿ ನಗರದ ಒಂದೇ ರಸ್ತೆಯಲ್ಲಿ ಇಷ್ಟು ಜನ ಒಂದು ಸೇವೆಯನ್ನು ನೆಚ್ಚಿಕೊಂಡರೆ ಅದನ್ನು ಸೋಲು ಎನ್ನಲು ಯಾವ ಅಳತೆಗೋಲು ಬೇಕು?

ದೂರುಗಳು ಸುಳ್ಳಲ್ಲ. ಮಳೆ ಬಂದರೆ ಧಾರವಾಡದ ಟೋಲ್ ನಾಕಾದಲ್ಲಿ ನೀರು ನಿಲ್ಲುತ್ತದೆ. ಬಸ್ಸುಗಳು ಹಳತಾಗಿವೆ, ಎ.ಸಿ. ಕೆಡುತ್ತದೆ, ನಿಲ್ದಾಣದ ಸ್ವಯಂಚಾಲಿತ ಬಾಗಿಲುಗಳು ಕೆಟ್ಟು ನಿಂತಿರುತ್ತವೆ. ರಸ್ತೆಯ ನಡುವಿನ ನಿಲ್ದಾಣಕ್ಕೆ ಮುದುಕರು, ಮಕ್ಕಳು ದಾಟಿ ಬರುವುದು ಕಷ್ಟ. ಎರಡೂ ಊರಿನ ಹೊಟ್ಟೆಯೊಳಗೆ, ರಸ್ತೆ ಇಕ್ಕಟ್ಟಾದಲ್ಲಿ, ಚಿಗರಿಯೂ ಮಿಕ್ಕ ಗಾಡಿಗಳ ಜೊತೆಗೇ ಸಿಕ್ಕಿಕೊಳ್ಳುತ್ತದೆ. ಕಾರು, ಬೈಕಿನವರಿಗೆ ಪಕ್ಕದಲ್ಲಿ ಉಳಿದ ರಸ್ತೆ ಸಾಲುತ್ತಿಲ್ಲ ಎಂಬ ಸಿಟ್ಟೂ ಇದೆ. ಇವುಗಳಲ್ಲಿ ಹಳಿ ಹಾಕಿದರೆ ಪರಿಹಾರವಾಗುವುದು ಯಾವುದು? ಟೋಲ್ ನಾಕಾದ ನೀರಿಗೆ ಬೇಕಾದ್ದು ಚರಂಡಿ. ಕೆಟ್ಟ ಬಾಗಿಲಿಗೆ ಬೇಕಾದ್ದು ರಿಪೇರಿ. ಹಳೇ ಬಸ್ಸಿಗೆ ಬೇಕಾದ್ದು ಹೊಸ ಬಸ್ಸು. ಊರೊಳಗಿನ ಇಕ್ಕಟ್ಟಿಗೆ ಬೇಕಾದ್ದು ಬಸ್ಸಿನ ಪಥವನ್ನು ಅಲ್ಲಿಗೂ ಎಳೆಯುವ ಗಟ್ಟಿ ಮನಸ್ಸು. ನೆಲದ ಮೇಲೆ ಓಡುವ ಟ್ರಾಮ್ ತಂದರೂ ಇದೇ ರಸ್ತೆ, ಇದೇ ಮಳೆ, ಇದೇ ದಾಟುವ ಕಷ್ಟ. ಬಸ್ಸನ್ನೇ ಸರಿಯಾಗಿ ನೋಡಿಕೊಳ್ಳದ ವ್ಯವಸ್ಥೆ ಅದರ ಹತ್ತು ಪಟ್ಟು ಬೆಲೆಯ ಗಾಡಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತದೆ ಎಂದು ಯಾವ ಧೈರ್ಯದಲ್ಲಿ ನಂಬುವುದು?

ಇನ್ನೂ ವಿಚಿತ್ರ ಮುಂದಿದೆ. ಬಿಆರ್‌ಟಿಎಸ್ ಬದಲಿಗೆ ಅಲ್ಲಿಗೆ ತರಲು ಧಾರವಾಡ ಜಿಲ್ಲಾ ಉಸ್ತುವಾರಿ ಸಚಿವ ಸಂತೋಷ್ ಲಾಡ್ ಮುಂದಿಟ್ಟ ಪ್ರಸ್ತಾವದ ಹೆಸರು ಇ-ಆರ್‌ಟಿ, ಎಲೆಕ್ಟ್ರಿಕ್ ರ‍್ಯಾಪಿಡ್ ಟ್ರಾನ್ಸಿಟ್. ಸ್ವಿಟ್ಜರ್‌ಲೆಂಡಿನ ಹೆಸ್ ಕಂಪನಿಯ ಲೈಟ್‌ಟ್ರಾಮ್ ಅದರ ಮಾದರಿ. ಹೆಸರು ಕೇಳಿದವರು ರೈಲು ಬರುತ್ತದೆ ಎಂದುಕೊಂಡರು. ಲೈಟ್‌ಟ್ರಾಮ್ ಎಂಬುದು ರಬ್ಬರ್ ಚಕ್ರದ, ಎರಡು ಕಡೆ ಕೀಲಿರುವ, ಸುಮಾರು 25 ಮೀಟರ್ ಉದ್ದದ ವಿದ್ಯುತ್ ಬಸ್ಸು. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರ 2025ರ ಜನವರಿಯಲ್ಲಿ ಇದೇ ಕಂಪನಿಯ ಇಂಥವೇ ಬಸ್ಸುಗಳನ್ನು ಬಸ್ಸಿಗೆಂದೇ ಕಟ್ಟಿದ ರಸ್ತೆಗಳ ಮೇಲೆ ಓಡಿಸಿ ಬ್ರಿಸ್ಬೇನ್ ಮೆಟ್ರೊ ಎಂದು ಕರೆಯಿತು. ಅದು ಒಳ್ಳೆಯ ಗಾಡಿ. ಹುಬ್ಬಳ್ಳಿ–ಧಾರವಾಡಕ್ಕೆ ಬಂದರೆ ನನಗೆ ಸಂತೋಷವೇ. ಆದರೆ ಅದು ಓಡಬೇಕಾದದ್ದು ಯಾವ ದಾರಿಯಲ್ಲಿ? ಸೋತಿದೆ ಎಂದು ದೂರಿದ ಅದೇ ಮೀಸಲು ಪಥದಲ್ಲಿ. ಇವತ್ತು ಆ ಪಥವನ್ನು ಎಲ್ಲ ವಾಹನಗಳಿಗೆ ತೆರೆಯಿರಿ ಎನ್ನುವವರ ಮಾತು ಕೇಳಿಬಿಟ್ಟರೆ ನಾಳೆ ಈ ಉದ್ದನೆಯ ಬಸ್ಸಿಗೂ ಜಾಗ ಇರುವುದಿಲ್ಲ. ಬಸ್ಸು ಬೇಡ ಎಂದವರು ದೊಡ್ಡ ಬಸ್ಸನ್ನೇ ತರಲು ಹೊರಟಿದ್ದಾರೆ ಎಂದ ಮೇಲೆ ಬಿಆರ್‌ಟಿಎಸ್‌ನ ಮೂಲ ಯೋಚನೆ ಗೆದ್ದಿದೆ ಎಂದೇ ಅರ್ಥ.

ದೆಹಲಿಯ ಕತೆಯನ್ನು ಎಲ್ಲರೂ ಅರ್ಧ ಹೇಳುತ್ತಾರೆ. 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿ.ಮೀ. ಬಸ್ ಪಥ ಮಾಡಿದರು. ಇಷ್ಟು ಗಿಡ್ಡ ಮಾರ್ಗದಿಂದ ಯಾವ ಪ್ರಯಾಣಿಕನ ಹೊತ್ತೂ ಹೆಚ್ಚು ಉಳಿಯದು, ಕಾರಿನವರ ಕಣ್ಣು ಮಾತ್ರ ಕುಕ್ಕುತ್ತದೆ. ಪಥ ರದ್ದು ಮಾಡಿ ಎಂದು ಹಾಕಿದ ಅರ್ಜಿಯನ್ನು 2012ರಲ್ಲಿ ದೆಹಲಿ ಹೈಕೋರ್ಟ್ ವಜಾ ಮಾಡಿತು. ನ್ಯಾಯಾಲಯದಲ್ಲಿ ಉಳಿದದ್ದನ್ನು 2016ರಲ್ಲಿ ಸರ್ಕಾರವೇ ಕೀಳತೊಡಗಿತು. ಇದೇ ದೇಶದ ಅಹಮದಾಬಾದ್ 2009ರಲ್ಲಿ ಜನಮಾರ್ಗ್ ಶುರು ಮಾಡಿ ವಿಸ್ತರಿಸುತ್ತ ಹೋಯಿತು, ಸೂರತ್ ನೂರು ಕಿಲೋಮೀಟರ್ ದಾಟಿಸಿತು. ಇವುಗಳ ಹೆಸರನ್ನು ಸೋಲಿನ ಪಟ್ಟಿ ಓದುವವರು ಎತ್ತುವುದೇ ಇಲ್ಲ.

ಬೆಂಗಳೂರಿನಲ್ಲೂ ಒಂದು ಸಣ್ಣ ಪ್ರಯೋಗ ನಡೆದಿತ್ತು. 2019ರ ಅಕ್ಟೋಬರ್‌ನಲ್ಲಿ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್ ಕಡೆಯಿಂದ ಟಿನ್ ಫ್ಯಾಕ್ಟರಿ ಕಡೆಗೆ, ಬಸ್ಸಿಗೆ ಒಂದು ಪಥ ಬಿಟ್ಟು ನಡುವೆ ಗೂಟ ನೆಟ್ಟರು. ಹಳಿ ಇಲ್ಲ, ಕಂಬ ಇಲ್ಲ, ಸಾವಿರ ಕೋಟಿ ಇಲ್ಲ. ಬಸ್ಸು ಬೇಗ ಹೋಗತೊಡಗಿತು. ಸ್ವಲ್ಪ ಕಾಲಕ್ಕೆ ಕೋವಿಡ್ ಬಂತು, ಹಿಂದೆಯೇ ಅದೇ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ಬಂತು, ಬಸ್ಸಿನ ಪಥ ಮಾಯವಾಯಿತು. ಮೆಟ್ರೊ ಬರುವವರೆಗಾದರೂ ಅಲ್ಲಿನ ಜನಕ್ಕೆ ಬಸ್ಸೇ ಗತಿ. ಆ ವರ್ಷಗಳಲ್ಲಿಯೇ ಬಸ್ಸಿನ ದಾರಿ ಕಿತ್ತುಕೊಂಡದ್ದು ಅನ್ಯಾಯ.

ದುಡ್ಡಿನ ಮಾತನ್ನು ಬಿಡಿಸಿ ನೋಡಬೇಕು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಬೆಂಗಳೂರು ಮೆಟ್ರೊ ಮೂರನೇ ಹಂತ 44.65 ಕಿ.ಮೀ., ಅಂದಾಜು 15,611 ಕೋಟಿ. ಕಿಲೋಮೀಟರಿಗೆ 350 ಕೋಟಿ ಬೀಳುತ್ತದೆ. ಈ ದರದಲ್ಲಿ ಹುಬ್ಬಳ್ಳಿ–ಧಾರವಾಡದ 22 ಕಿ.ಮೀ.ಗೆ 7,700 ಕೋಟಿ. ಬಿಆರ್‌ಟಿಎಸ್‌ಗೆ ತಗುಲಿದ 970 ಕೋಟಿಯನ್ನು ಕಳೆದರೆ ಉಳಿಯುವುದು 6,700 ಕೋಟಿಗೂ ಹೆಚ್ಚು. ಒಂದು ಸಾಮಾನ್ಯ ಬಸ್ಸಿಗೆ ಅರ್ಧ ಕೋಟಿ ಎಂದು ಧಾರಾಳವಾಗಿ ಹಿಡಿದರೂ 13 ಸಾವಿರ ಬಸ್ಸು. ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಬಸ್ಸುಗಳನ್ನು ಒಟ್ಟು ಎಣಿಸಿದರೆ 25 ಸಾವಿರದ ಆಸುಪಾಸು. ಒಂದು ಊರಿನ ಒಂದು ರಸ್ತೆಯ ಹೆಮ್ಮೆಗೆ ಇಡೀ ರಾಜ್ಯದ ಅರ್ಧದಷ್ಟು ಬಸ್ಸಿನ ಬೆಲೆ ಎಂದಾಗುತ್ತದೆ.

ನಷ್ಟದ ವಾದವೂ ಇದೆ: ಚಿಗರಿ ನಷ್ಟದಲ್ಲಿ ಓಡುತ್ತಿದೆ, ಆದ್ದರಿಂದ ನಿಲ್ಲಿಸಿ ಎಂದು. ಜೈಪುರ, ಲಖನೌ ಮೆಟ್ರೊಗಳಿಗೆ ಯೋಜನಾ ವರದಿಯಲ್ಲಿ ಬರೆದಷ್ಟು ಜನ ಹತ್ತಲಿಲ್ಲ. ಅಲ್ಲಿ ಕಂಬ ಕೆಡವಿ ಎಂದು ಯಾರೂ ಬೀದಿಗಿಳಿಯಲಿಲ್ಲ. ಬೆಂಗಳೂರು ಮೆಟ್ರೊ 2025ರ ಫೆಬ್ರುವರಿಯಲ್ಲಿ ದರ ಏರಿಸಿ ಗರಿಷ್ಠ ಟಿಕೆಟ್ 90 ರೂಪಾಯಿಗೆ ಮುಟ್ಟಿಸಿತು. ಸಿಟ್ಟು ಬಂತು, ಆದರೆ ಮೆಟ್ರೊ ಎಂಬ ಯೋಚನೆಯೇ ತಪ್ಪು ಎಂದು ಯಾರೂ ತೀರ್ಪು ಕೊಡಲಿಲ್ಲ. ಮೆಟ್ರೊಗೆ ಆದರೆ ಹೂಡಿಕೆ, ಬಸ್ಸಿಗೆ ಆದರೆ ನಷ್ಟ. ಈ ಎರಡು ತಕ್ಕಡಿಯ ವ್ಯಾಪಾರ ನಿಲ್ಲಬೇಕು.

ರೈಲಿನ ಪರವಾಗಿ ಹೇಳಲೇಬೇಕಾದ ಮಾತುಗಳಿವೆ, ಅವನ್ನು ಮುಚ್ಚಿಡುವುದು ಅಪ್ರಾಮಾಣಿಕತೆ. ಬೈಯಪ್ಪನಹಳ್ಳಿ–ಮೆಜೆಸ್ಟಿಕ್‌ನಂಥ ದಟ್ಟ ಮಾರ್ಗದಲ್ಲಿ ಆರು ಬೋಗಿಯ ಮೆಟ್ರೊ ಹೊರುವಷ್ಟು ಜನರನ್ನು ಸಾಮಾನ್ಯ ಬಸ್ಸುಗಳು ಹೊರಲಾರವು. ಇಪ್ಪತ್ತೈದು ವರ್ಷ ಬಸ್ ಪಥಗಳ ಮೇಲೆ ಊರು ನಡೆಸಿದ ಬೊಗೋಟವೂ ಈಗ ತನ್ನ ಅತಿ ದಟ್ಟ ದಿಕ್ಕಿಗೆ ಮೆಟ್ರೊ ಕಟ್ಟುತ್ತಿದೆ. ಜನ ಹೆಚ್ಚಾದ ಮೇಲೆ ಹಳಿ ಹಾಕುವುದು ಸರಿಯಾದ ಕ್ರಮ. 2017ರ ಕೇಂದ್ರದ ಮೆಟ್ರೊ ನೀತಿ ಹೇಳುವುದೂ ಬಿಆರ್‌ಟಿಎಸ್, ಟ್ರಾಮ್ ಮೊದಲಾದ ಪರ್ಯಾಯಗಳನ್ನು ತೂಗಿ ನೋಡಿದ ಮೇಲೆಯೇ ಮೆಟ್ರೊ ಕೇಳಿ ಎಂದು. ಆದರೆ ಬೆಂಗಳೂರಿನಲ್ಲಿಯೇ 2025ರಲ್ಲಿ ಮೆಟ್ರೊ ದಿನಕ್ಕೆ ಹತ್ತು ಲಕ್ಷ ಪ್ರಯಾಣಿಕರನ್ನು ಮುಟ್ಟಿದಾಗ ಹಬ್ಬವಾಯಿತು. ಬಿಎಂಟಿಸಿ ದಿನಕ್ಕೆ ನಲವತ್ತು ಲಕ್ಷಕ್ಕೂ ಮೀರಿ ಹೊರುತ್ತದೆ, ಅದಕ್ಕೆಂದು ಒಂದು ಗೂಟ ನೆಟ್ಟ ಪಥವೂ ಉಳಿದಿಲ್ಲ.

ಹಳಿಗೆ ಇನ್ನೊಂದು ಬಲವಿದೆ, ಅದನ್ನು ರೈಲಿನ ವಕೀಲರು ಬಾಯಿಬಿಟ್ಟು ಹೇಳುವುದಿಲ್ಲ. ಹಳಿಯ ಮೇಲೆ ಕಾರು ಬಿಡಿ ಎಂದು ಯಾವ ಶಾಸಕನೂ ಕೇಳಲಾರ. ಬಸ್ಸಿನ ಪಥವನ್ನು ಒಂದು ರಾತ್ರಿಯಲ್ಲಿ, ಒಂದು ಆದೇಶದಲ್ಲಿ, ಒಂದು ಜೆಸಿಬಿಯಲ್ಲಿ ಕಸಿದುಕೊಳ್ಳಬಹುದು. ಅಗ್ಗ ಎನ್ನುವುದೂ ಬೇಗ ಆಗುತ್ತದೆ ಎನ್ನುವುದೂ ಬಿಆರ್‌ಟಿಎಸ್‌ನ ಗುಣ. ಅದೇ ಗುಣವೇ ಅದನ್ನು ಕೀಳುವುದನ್ನೂ ಅಗ್ಗ ಮಾಡಿದೆ. ಹಾಗಾದರೆ ನಮ್ಮ ಮೆಟ್ರೊ ಮೋಹದ ಒಂದು ಪಾಲು ನಮ್ಮನ್ನು ನಾವೇ ನಂಬದಿರುವುದರ ಬೆಲೆ. ಬಡವನ ಬಸ್ಸಿಗೆ ಬಿಟ್ಟ ದಾರಿಯನ್ನು ಉಳ್ಳವನ ಕಾರಿನಿಂದ ಕಾಪಾಡಲು ಆಗದ ಆಡಳಿತ, ಅದನ್ನು ಆಕಾಶಕ್ಕೆ ಎತ್ತಿ ಕಾಂಕ್ರೀಟ್ ಕಂಬದ ಮೇಲೆ ಕಾಪಾಡುತ್ತದೆ. ಕಿಲೋಮೀಟರಿಗೆ 350 ಕೋಟಿ ಎಂಬುದರಲ್ಲಿ ಈ ಹೇಡಿತನದ ಖರ್ಚೂ ಸೇರಿದೆ.

ನಮ್ಮ ಬೆಟ್ಟಸಾಲಿಗೆ ರೈಲು ಹೊಸದಲ್ಲ. ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ ಪೂರ್ತಿಯಾದದ್ದು 1979ರಲ್ಲಿ. 1996ರಲ್ಲಿ ಬ್ರಾಡ್‌ಗೇಜ್ ಮಾಡುತ್ತೇವೆಂದು ಘಾಟಿಯಲ್ಲಿ ಮುಚ್ಚಿದರು, ಪ್ರಯಾಣಿಕರ ರೈಲು ಮತ್ತೆ ಘಟ್ಟ ಇಳಿದದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ಈ ದಾರಿಯ ಜನರನ್ನು ಹೊತ್ತದ್ದು ಶಿರಾಡಿ ಘಾಟಿಯ ಬಸ್ಸುಗಳು. ಈಗಲೂ ಜೋಡಿ ಹಳಿ ಇಲ್ಲದ ಆ ದಾರಿಯಲ್ಲಿ ಗೂಡ್ಸ್ ರೈಲಿನ ಸಾಲು ದಾಟಿ ಪ್ರಯಾಣಿಕರ ರೈಲಿಗೆ ಸಿಗುವ ಹೊತ್ತು ಕಡಿಮೆ. ಇನ್ನಷ್ಟು ರೈಲು ಕೇಳುವುದು ನ್ಯಾಯ, ಕೇಳಲೇಬೇಕು. ಆದರೆ ಹಳಿ ಮುಟ್ಟುವುದು ಆಲೂರು, ಬಾಳ್ಳುಪೇಟೆ, ಸಕಲೇಶಪುರ. ಮಗ್ಗೆ, ಕೆ. ಹೊಸಕೋಟೆ, ಬೆಳಗೋಡು, ಶುಕ್ರವಾರಸಂತೆಗೆ ಯಾವ ಕಾಲಕ್ಕೂ ರೈಲು ಬಾರದು. 2023ರ ಜೂನ್ 11ರಿಂದ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಹತ್ತುವುದು ಹೆಚ್ಚಾಯಿತು, ಬಸ್ಸು ಅಷ್ಟಕ್ಕೆ ಹೆಚ್ಚಲಿಲ್ಲ. ಟ್ರಿಪ್ ಕಟ್ ಆದ ಸಂಜೆ ಬಸ್ ನಿಲ್ದಾಣದಲ್ಲಿ ಪಾಸು ಹಿಡಿದು ನಿಂತ ಮಕ್ಕಳಿಗೆ ಮೆಟ್ರೊ ಮೂರನೇ ಹಂತದ ಸುದ್ದಿ ಏನು ಸಮಾಧಾನ ಕೊಡುತ್ತದೆ?

ಇಲ್ಲಿ ಗಾಜಿನ ನಿಲ್ದಾಣದ ಬಿಆರ್‌ಟಿಎಸ್ ಬೇಕೆಂದು ನಾನು ಹೇಳುತ್ತಿಲ್ಲ. ಅದರ ತಿರುಳು ಸಾಕು: ಇಕ್ಕಟ್ಟು ಬಂದಲ್ಲಿ ಬಸ್ಸು ಮೊದಲು. ವಾರದ ಕೊನೆಗೆ ಪ್ರವಾಸಿ ಕಾರುಗಳು ಸಕಲೇಶಪುರದ ಬಿ.ಎಂ. ರಸ್ತೆಯನ್ನೂ ಮಂಜರಾಬಾದ್ ಕೋಟೆಯ ದಾರಿಯನ್ನೂ ತುಂಬಿದಾಗ ಪೇಟೆಯೊಳಗೆ ಕಾರು ನಿಲ್ಲಿಸುವುದನ್ನು ತಡೆದು ಆ ಅಂಚನ್ನು ಬಸ್ಸಿಗೆ ಬಿಡಬಹುದು. ಮಳೆಗಾಲದಲ್ಲಿ ದೋಣಿಗಾಲ್ ಬಳಿ ರಸ್ತೆ ಕುಸಿದು ಒಂದೇ ಬದಿಯಲ್ಲಿ ಸಂಚಾರ ಬಿಟ್ಟಾಗ ಕಿಲೋಮೀಟರುಗಟ್ಟಲೆ ಸಾಲು ನಿಲ್ಲುತ್ತದೆ. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ರೈಲೂ ನಿಂತಿತು, ಆಗಸ್ಟ್‌ನಲ್ಲಿ ಬಾಳ್ಳುಪೇಟೆ ಬಳಿ ಮತ್ತೆ ಹಳಿಯ ಮೇಲೆ ಗುಡ್ಡ ಬಿತ್ತು. ಅಂಥ ದಿನ ಮಂಗಳೂರಿನ ಆಸ್ಪತ್ರೆಗೆ ಹೊರಟವರೂ ಪರೀಕ್ಷೆಗೆ ಹೊರಟವರೂ ಬಸ್ಸಿನಲ್ಲೇ ಇರುತ್ತಾರೆ. ಆ ಸಾಲಿನಲ್ಲಿ ಆಂಬುಲೆನ್ಸ್ ಬಿಟ್ಟ ಮೇಲೆ ಸಾರಿಗೆ ಬಸ್ಸನ್ನು ಮುಂದೆ ಬಿಡಿ ಎಂದು ಜಿಲ್ಲಾಡಳಿತ ಒಂದು ಆದೇಶ ಹೊರಡಿಸಿದರೆ ಸಾಕು, ಅದಕ್ಕೆ ವಿಶ್ವಬ್ಯಾಂಕಿನ ಸಾಲ ಬೇಕಿಲ್ಲ. ಹಾಸನ–ಮಾರನಹಳ್ಳಿ ನಾಲ್ಕು ಪಥದ ಹೆದ್ದಾರಿಯಲ್ಲಿ ಪ್ರತಿ ಹಳ್ಳಿ ಕ್ರಾಸಿಗೂ ಬಸ್ಸು ಸುರಕ್ಷಿತವಾಗಿ ಬದಿಗೆ ನಿಲ್ಲುವ ಜಾಗ, ಮಳೆಗೆ ಸೂರು, ರಸ್ತೆ ದಾಟಲು ದಾರಿ ಇರಲೇಬೇಕು. ಅಗಲವಾದ ರಸ್ತೆ ಬಂದು ಬಸ್ಸು ಹತ್ತುವುದೇ ಅಪಾಯವಾಗುವುದಾದರೆ ಆ ಅಗಲ ಯಾರಿಗಾಗಿ?

ನಮ್ಮ ಶಾಸಕರಿಗೂ ಸಂಸದರಿಗೂ ಮನವಿ: ಮುಂದಿನ ಬಾರಿ ರೈಲು ಕೇಳುವಾಗ ಸಕಲೇಶಪುರ ಡಿಪೋಗೆ ಬೇಕಾದ ಬಸ್ಸುಗಳ ಪಟ್ಟಿಯನ್ನೂ ಅದೇ ಪತ್ರದಲ್ಲಿ ಸೇರಿಸಿ. ಹುಬ್ಬಳ್ಳಿ–ಧಾರವಾಡದ ಬಂಧುಗಳಿಗೂ ಒಂದು ಮಾತು. ಹೊಸ ಬಸ್ಸು ಕೇಳಿ, ಚರಂಡಿ ಕೇಳಿ, ಕೆಟ್ಟ ಬಾಗಿಲು ಸರಿಮಾಡಿಸಿ, ಇ-ಆರ್‌ಟಿ ಬಂದರೆ ಅದನ್ನೂ ಬರಮಾಡಿಕೊಳ್ಳಿ. ನಡುವಿನ ಆ ಪಥವನ್ನು ಮಾತ್ರ ಯಾವ ಕಾರಣಕ್ಕೂ ಕಾರಿಗೆ ಬಿಟ್ಟುಕೊಡಬೇಡಿ. ಒಮ್ಮೆ ಬಿಟ್ಟರೆ ಮತ್ತೆ ಪಡೆದ ಊರು ಈ ದೇಶದಲ್ಲಿ ಇದುವರೆಗೆ ನನಗೆ ಸಿಕ್ಕಿಲ್ಲ.